ಕೇಡಿನ ಪಟ್ಟಿ ಮಾಡುವಾಗ ತಜ್ಞರ ಮಾತೋ, ಅಂಕಿಅಂಶವೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮ ಗ್ರಂಥಾಲಯದಲ್ಲಿ ಅಮಲು ವಸ್ತುಗಳ ಬಗ್ಗೆ ಒಂದು ಚಾರ್ಟ್ ಮಾಡಬೇಕಿತ್ತು. ಹೈಸ್ಕೂಲು ಮಕ್ಕಳು, ಅವರ ತಂದೆತಾಯಿ, ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಸಂಘದವರು ಎಲ್ಲರೂ ನೋಡುವಂಥದ್ದು. ಬ್ರಾಂಡಿ, ಕಳ್ಳು, ಬೀಡಿ ಸಿಗರೇಟು, ಬಾಯಿಗೆ ಹಾಕುವ ಹೊಗೆಸೊಪ್ಪು, ಗಾಂಜಾ, ಎಂಡಿಎಂಎ, ಹೆರಾಯಿನ್, ನಿದ್ದೆ ಮಾತ್ರೆ ಅಂತ ಎಂಟು ಹೆಸರು ಹತ್ತು ನಿಮಿಷದಲ್ಲಿ ಆಯಿತು. ಯಾವುದನ್ನು ಮೇಲೆ ಬರೆಯುವುದು, ಯಾವುದನ್ನು ಕೆಳಗೆ ಬರೆಯುವುದು ಎಂಬಲ್ಲಿಗೆ ಬಂದಾಗ ಜಗಳ ಸುರುವಾಯಿತು.

"ಎಂಡಿಎಂಎ ಮೇಲೆ ಬರಲಿ, ಪೇಪರಿನಲ್ಲಿ ದಿನಾ ಅದೇ ಅಲ್ವಾ" ಎಂದರು ಒಬ್ಬರು. ಕಾಲೇಜಿಗೆ ಹೋಗುವ ಹುಡುಗನೊಬ್ಬ ಒಂದು ಹಾಳೆ ತಂದಿದ್ದ. "ಮಾಷ್ಟ್ರೇ, ಇದು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಪಟ್ಟಿ. ಮದ್ಯವೇ ಮೊದಲನೆಯದು, ಎಂಡಿಎಂಎ ತೀರಾ ಕೆಳಗೆ ಉಂಟು" ಎಂದ. ಆಶಾ ಕಾರ್ಯಕರ್ತೆ ಇಬ್ಬರನ್ನೂ ನೋಡಿ ನಕ್ಕರು. "ನಾನು ಮನೆ ಮನೆ ತಿರುಗುವವಳು. ನಾನು ನೋಡುವುದು ಬಾಯಿ ಹುಣ್ಣು, ಬಾಯಿ ಕ್ಯಾನ್ಸರ್. ಹೊಗೆಸೊಪ್ಪು ಮೇಲೆ ಬರೆಯಿರಿ" ಎಂದರು.

ಅವರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅಳತೆಕೋಲು ಇತ್ತು, ಅಷ್ಟೇ. ನಿಮಗೂ ಶಾಲೆಗೋ ಪಂಚಾಯತಿಗೋ ಇಂಥ ಪಟ್ಟಿ ಮಾಡುವ ಕೆಲಸ ಬಂದರೆ ಯಾವ ಕೋಲು ಯಾವಾಗ ಆಗುತ್ತದೆ ಎಂದು ನೋಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ತಜ್ಞರು ಅಂಕ ಕೊಡುವುದು ಹೇಗೆ

ಹುಡುಗ ತಂದ ಹಾಳೆಯ ಕತೆಯಿಂದಲೇ ಸುರು ಮಾಡುತ್ತೇನೆ. ಬ್ರಿಟನ್ನಿನ ಡೇವಿಡ್ ನಟ್ ಎಂಬ ಮನೋವೈದ್ಯರು ಅಲ್ಲಿನ ಸರಕಾರಕ್ಕೆ ಮಾದಕ ವಸ್ತುಗಳ ಬಗ್ಗೆ ಸಲಹೆ ಕೊಡುವ ಸಮಿತಿಯ ಅಧ್ಯಕ್ಷರಾಗಿದ್ದರು. ಎಕ್ಸ್ಟಸಿ ಮಾತ್ರೆಯ ಅಪಾಯವನ್ನು ಕುದುರೆ ಸವಾರಿಯ ಅಪಾಯದ ಜೊತೆ ಹೋಲಿಸಿ 2009ರಲ್ಲಿ ಒಂದು ಲೇಖನ ಬರೆದರು. ಮದ್ಯ, ತಂಬಾಕು ಎರಡೂ ಕೆಲವು ನಿಷೇಧಿತ ವಸ್ತುಗಳಿಗಿಂತ ಹೆಚ್ಚು ಕೇಡು ಮಾಡುತ್ತವೆ ಎಂದೂ ಹೇಳಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಗೃಹ ಮಂತ್ರಿ ಅವರನ್ನು ಆ ಕುರ್ಚಿಯಿಂದ ಇಳಿಸಿದರು. ಅವರು ಬೇರೆಯೇ ಒಂದು ಸ್ವತಂತ್ರ ಸಮಿತಿ ಕಟ್ಟಿದರು. ಅದರ ಲೆಕ್ಕಾಚಾರ 2010ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು.

ಅವರು ಮಾಡಿದ್ದು ಇಷ್ಟು. 20 ವಸ್ತುಗಳು, 16 ಬಗೆಯ ಕೇಡು. ಅದರಲ್ಲಿ 9 ಸೇವಿಸುವವನಿಗೆ ಆಗುವುದು: ಸಾವು, ದೇಹ ಹಾಳಾಗುವುದು, ಚಟ ಹಿಡಿಯುವುದು, ಬುದ್ಧಿ ಕೆಡುವುದು, ಕೆಲಸ ದುಡ್ಡು ಕಳೆದುಕೊಳ್ಳುವುದು, ಸಂಬಂಧ ಕಡಿಯುವುದು, ಹೀಗೆ. ಉಳಿದ 7 ಬೇರೆಯವರಿಗೆ ಆಗುವುದು: ಪೆಟ್ಟು, ಅಪರಾಧ, ಮನೆಯವರ ಸಂಕಟ, ಊರಿಗೆ ಮತ್ತು ಬೊಕ್ಕಸಕ್ಕೆ ನಷ್ಟ ಇತ್ಯಾದಿ. ತಜ್ಞರು ಒಂದು ದಿನ ಕೂತು ಒಂದೊಂದು ಕೇಡಿಗೂ ಒಂದೊಂದು ವಸ್ತುವಿಗೂ 0ಯಿಂದ 100ರ ಒಳಗೆ ಅಂಕ ಕೊಟ್ಟರು. ಆ ಕೇಡಿನಲ್ಲಿ ಎಲ್ಲಕ್ಕಿಂತ ಕೆಟ್ಟದ್ದಕ್ಕೆ 100, ಅದರ ಅರ್ಧದಷ್ಟು ಕೆಟ್ಟದ್ದಕ್ಕೆ 50. ಆಮೇಲೆ ಯಾವ ಕೇಡು ಎಷ್ಟು ಮುಖ್ಯ ಎಂದು ತೂಕ ಹಾಕಿ ಎಲ್ಲವನ್ನೂ ಕೂಡಿಸಿದರು. ಮದ್ಯಕ್ಕೆ 72 ಬಂತು. ಹೆರಾಯಿನಿಗೆ 55, ಕ್ರಾಕ್ ಎಂಬ ಸೇದುವ ಕೊಕೇನಿಗೆ 54. ತಂಬಾಕಿಗೆ 26, ಗಾಂಜಾಕ್ಕೆ 20, ಎಕ್ಸ್ಟಸಿಗೆ 9. ಎಕ್ಸ್ಟಸಿ ಎಂದರೆ ಎಂಡಿಎಂಎಯೇ.

ಮದ್ಯದ ಆ 72ರಲ್ಲಿ 46 ಅಂಕ ಬಂದದ್ದು ಬೇರೆಯವರಿಗೆ ಆಗುವ ಕೇಡಿನಿಂದ. ಕುಡಿದವನಿಗಷ್ಟೇ ಆಗುವ ಕೇಡು ಲೆಕ್ಕ ಹಿಡಿದರೆ ಕ್ರಾಕ್, ಹೆರಾಯಿನ್, ಮೆತ್ (ಮೆಥಾಂಫೆಟಮೈನ್) ಈ ಮೂರು ಮದ್ಯಕ್ಕಿಂತ ಮೇಲೆ ಹೋಗುತ್ತವೆ. ಒಂದೇ ಅಧ್ಯಯನದ ಒಳಗೆ ಎರಡು ಪಟ್ಟಿ ಇದ್ದ ಹಾಗಾಯಿತು. ಹುಡುಗನ ಹಾಳೆಯಲ್ಲಿ ಒಟ್ಟು ಅಂಕ ಮಾತ್ರ ಇತ್ತು.

ಇನ್ನೊಂದು ವಿಷಯ. ಇದೇ ನಟ್ 2007ರಲ್ಲಿ ಇನ್ನು ಕೆಲವರ ಜೊತೆ ಸೇರಿ ಇಂಥದ್ದೇ ಪಟ್ಟಿ ಮಾಡಿದ್ದರು. ಆಗ ಇದ್ದದ್ದು 9 ಅಳತೆ ಮಾತ್ರ. ಅದರಲ್ಲಿ ಹೆರಾಯಿನ್ ಮೊದಲು, ಮದ್ಯ ಐದನೆಯದು. ಮೂರೇ ವರ್ಷದಲ್ಲಿ ಮದ್ಯ ಐದರಿಂದ ಒಂದಕ್ಕೆ ಬಂತು. ಬಾಟಲಿಯ ಒಳಗಿನದ್ದು ಬದಲಾಗಲಿಲ್ಲವಲ್ಲ! ನೆದರ್ಲ್ಯಾಂಡ್ಸ್‌ನಲ್ಲಿ 19 ತಜ್ಞರು 19 ವಸ್ತುಗಳನ್ನು ಬೇರೆ ಅಳತೆಯಲ್ಲಿ ತೂಗಿದಾಗ ಕ್ರಾಕ್, ಹೆರಾಯಿನ್, ತಂಬಾಕು, ಮದ್ಯ ಎಂಬ ಕ್ರಮ ಬಂತು. ಯುರೋಪಿನ 40 ತಜ್ಞರ 2015ರ ಪಟ್ಟಿಯಲ್ಲೂ ಆಸ್ಟ್ರೇಲಿಯಾದ 2019ರ ಪಟ್ಟಿಯಲ್ಲೂ ಮತ್ತೆ ಮದ್ಯವೇ ಮೇಲೆ. ಇಷ್ಟು ಕಡೆ ಒಂದೇ ಉತ್ತರ ಬಂತು ಎಂದು ಸಂತೋಷ ಪಡುವ ಮುಂಚೆ ಒಂದು ಗಮನಿಸಿ. ಈ ಎರಡು ಪಟ್ಟಿಗಳೂ ಬ್ರಿಟನ್ನಿನ ವಿಧಾನವನ್ನೇ ಹಿಡಿದವು. ಯುರೋಪಿನ ತಂಡದಲ್ಲಂತೂ ನಟ್ ಅವರೂ ಇದ್ದರು. ಒಂದೇ ಗುರುವಿನ ಶಿಷ್ಯರು ಒಂದೇ ರಾಗ ಹಾಡಿದರೆ ಅದನ್ನು ಎರಡೆರಡು ಸಾಕ್ಷಿ ಎಂದು ಲೆಕ್ಕ ಹಿಡಿಯಲು ಆಗುವುದಿಲ್ಲ.

ಮಂಡಿಯಲ್ಲಿ ಕೂತವನ ಕಣ್ಣು

ಹಾಗಾದರೆ ತಜ್ಞರ ಮಾತು ಬರೀ ಊಹೆಯೋ? ನಾನು ಹಾಗೆ ಹೇಳುವುದಿಲ್ಲ. ನಮ್ಮ ಕಡೆಯವರಿಗೆ ಇದನ್ನು ಅಡಿಕೆಯಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಗೋಣಿ ತೆಗೆದುಕೊಂಡು ಅಂಗಡಿಗೆ ಹೋಗುತ್ತೀರಿ. ಅಲ್ಲಿ ಒಬ್ಬ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ನೋಡುತ್ತಾನೆ, ಎರಡು ಒಡೆಯುತ್ತಾನೆ. ಇದು ಹೊಸ ಚಾಲಿ, ಇದು ಪಟೋರ, ಇದು ಕೋಕ, ಇದು ಕರಿಗೋಟು ಎಂದು ದರ್ಜೆ ಹೇಳಿ ಮುಗಿಸುತ್ತಾನೆ. ಪಕ್ಕದಲ್ಲಿ ತಕ್ಕಡಿ ಉಂಟು. ತಕ್ಕಡಿ ಕಿಲೋ ಹೇಳುತ್ತದೆ, ಕೋಕ ಯಾವುದು ಚಾಲಿ ಯಾವುದು ಎಂದು ಅದಕ್ಕೆ ಗೊತ್ತಿಲ್ಲ. ಆ ಮನುಷ್ಯನಿಗೆ ಗುಣ ಗೊತ್ತು, ಗೋಣಿಯಲ್ಲಿ ಎಷ್ಟು ಕಿಲೋ ಎಂದು ಕೇಳಿದರೆ ಅವನೂ ತಕ್ಕಡಿಯ ಕಡೆಗೇ ನೋಡಬೇಕು.

ಮನೆಯಲ್ಲಿ ಅಪ್ಪ ಕುಡಿದು ಬರುವ ಮಗುವಿನ ಭಯವನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ? ಅದಕ್ಕೆ ಆಸ್ಪತ್ರೆಯ ದಾಖಲೆ ಇಲ್ಲ, ಮರಣ ಪತ್ರ ಇಲ್ಲ, ಕೇಸೂ ಇಲ್ಲ. ಅಂಥ ಕಡೆ ಅನುಭವ ಇರುವವರ ಅಂದಾಜು ಬೇಕೇ ಬೇಕು. ಹೊಸ ವಸ್ತು ಬಂದಾಗಲೂ ಹಾಗೆಯೇ. ಲೆಕ್ಕ ಕೈಗೆ ಬರುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ.

ಕಾಸರಗೋಡಿನವರಿಗೆ ಇದನ್ನು ಹೊರಗಿನವರು ಕಲಿಸಬೇಕಾಗಿಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ ಪಡ್ರೆ ಗ್ರಾಮದ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಏನೋ ವಿಚಿತ್ರ ನಡೆಯುತ್ತಿದೆ ಎಂದು ಗುರುತಿಸಿದರು. ಆಗ ಯಾವ ಸರಕಾರಿ ಅಂಕಿಅಂಶವೂ ಇರಲಿಲ್ಲ. ಇದ್ದದ್ದು ಒಬ್ಬ ವೈದ್ಯರ ಕಣ್ಣು. ಆಮೇಲೆ ಸಮಿತಿಗಳು ಬಂದವು. ಒಂದು ಸಮಿತಿ ರೋಗಕ್ಕೂ ಸಿಂಪಡಣೆಗೂ ಸಂಬಂಧ ಉಂಟು ಎಂದಿತು, ಇನ್ನೊಂದು ಇಲ್ಲ ಎಂದಿತು. ಎರಡರಲ್ಲೂ ಕೂತವರು ತಜ್ಞರೇ. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಹಾಗಾಗಿ "ತಜ್ಞರು ಹೇಳಿದ್ದಾರೆ" ಎಂದು ಯಾರಾದರೂ ಹೇಳಿದರೆ ನಮ್ಮೂರಿನವರು ತಕ್ಷಣ ಕೇಳುವುದು, ಯಾವ ತಜ್ಞರು, ಅವರನ್ನು ಕೂರಿಸಿದವರು ಯಾರು ಎಂದು. ಒಳ್ಳೆಯ ಪ್ರಶ್ನೆ ಅದು.

ತಕ್ಕಡಿ ಏನು ಹೇಳುತ್ತದೆ

ಈಗ ಅಂಕಿಅಂಶದ ಕಡೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮದ್ಯದಿಂದ 2019ರಲ್ಲಿ ಜಗತ್ತಿನಲ್ಲಿ ಸತ್ತವರು 26 ಲಕ್ಷ. ತಂಬಾಕು ಬಿಟ್ಟು ಉಳಿದ ಎಲ್ಲ ಮಾದಕ ವಸ್ತುಗಳಿಂದ ಒಟ್ಟು 6 ಲಕ್ಷ. ತಂಬಾಕಿನಿಂದ ವರ್ಷಕ್ಕೆ 70 ಲಕ್ಷಕ್ಕೂ ಹೆಚ್ಚು. ಹೆಣ ಎಣಿಸಿದರೆ ತಂಬಾಕಿನ ಹತ್ತಿರಕ್ಕೆ ಯಾವುದೂ ಬರುವುದಿಲ್ಲ. ನಟ್ ಕೂರಿಸಿದ ಲಂಡನ್ನಿನ ತಜ್ಞರ ಪಟ್ಟಿಯಲ್ಲಿ ಅದೇ ತಂಬಾಕು ಆರನೆಯದು. ಯಾಕೆ ಅಂದರೆ ಅವರ 16 ಅಳತೆಗಳಲ್ಲಿ ಸಾವಿಗೆ ಇದ್ದದ್ದು ಎರಡೇ. ಬೀಡಿ ಸೇದಿದವ ಹೆಂಡತಿಗೆ ಹೊಡೆಯುವುದಿಲ್ಲ, ಬೈಕನ್ನು ಮೋರಿಗೆ ಇಳಿಸುವುದಿಲ್ಲ. ಸುಮ್ನೆ ಕೆಮ್ಮಿ ಕೆಮ್ಮಿ ಸಾಯುತ್ತಾನೆ.

ಲೆಕ್ಕದ ಇನ್ನೊಂದು ಬಗೆಯೂ ಉಂಟು. ಲಾಕೆನ್‌ಮೈಯರ್ ಮತ್ತು ರೆಹ್ಮ್ ಎಂಬ ಇಬ್ಬರು ಸಂಶೋಧಕರು 2015ರಲ್ಲಿ ತಜ್ಞರನ್ನು ಕೂರಿಸದೆ ಬರೀ ವಿಷದ ಪ್ರಮಾಣ ಹಿಡಿದು ಪಟ್ಟಿ ಮಾಡಿದರು. ಒಬ್ಬ ಸಾಮಾನ್ಯವಾಗಿ ತೆಗೆದುಕೊಳ್ಳುವ ಪ್ರಮಾಣ ಎಷ್ಟು, ಜೀವಕ್ಕೆ ಕುತ್ತು ತರುವ ಪ್ರಮಾಣ ಎಷ್ಟು, ನಡುವೆ ಎಷ್ಟು ಅಂತರ ಎಂಬುದೇ ಅವರ ಅಳತೆ. ಅಲ್ಲೂ ಮದ್ಯ ತುಂಬಾ ಅಪಾಯದ ಸಾಲಿನಲ್ಲಿ ಬಂತು. ಜೊತೆಗೆ ನಿಕೋಟಿನ್, ಕೊಕೇನ್, ಹೆರಾಯಿನ್ ಇದ್ದವು. ಗಾಂಜಾ ತೀರಾ ಕೆಳಗೆ ಹೋಯಿತು. ಕೇಳಲು ಚೊಕ್ಕವಾಗಿದೆ. ಆದರೆ ಆ "ಕುತ್ತು ತರುವ ಪ್ರಮಾಣ" ಹೆಚ್ಚಾಗಿ ಪ್ರಾಣಿಗಳ ಮೇಲಿನ ಪ್ರಯೋಗದಿಂದ ಬಂದದ್ದು. ಚಟ, ಬುದ್ಧಿ ಭ್ರಮೆ, ಓದು ಬಿಟ್ಟ ಹುಡುಗ, ಸಾಲದ ಮನೆ, ಇದ್ಯಾವುದೂ ಅದರಲ್ಲಿ ಬರುವುದಿಲ್ಲ. ಗಾಂಜಾ ಸೇದಿ ಒಮ್ಮೆಲೇ ಸತ್ತವರು ಕಡಿಮೆ, ಸರಿ. ಹದಿನಾರು ವರ್ಷದ ಹುಡುಗನ ತಾಯಿ ಕೇಳುವ ಪ್ರಶ್ನೆ ಅದಲ್ಲವಲ್ಲ.

ನಮ್ಮ ದೇಶದ ಲೆಕ್ಕಕ್ಕೆ ಬರೋಣ. ದೆಹಲಿಯ ಏಮ್ಸ್‌ನ ಮಾದಕ ವ್ಯಸನ ಚಿಕಿತ್ಸಾ ಕೇಂದ್ರ 2019ರಲ್ಲಿ ಹೊರತಂದ ವರದಿಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಮದ್ಯ ಕುಡಿಯುವವರು ಶೇ. 14.6, ಅಂದರೆ ಸುಮಾರು 16 ಕೋಟಿ ಜನ. ಭಂಗಿ, ಗಾಂಜಾ, ಚರಸ್ ಸೇರಿ ಶೇ. 2.8. ಅಫೀಮು, ಹೆರಾಯಿನ್, ಅದೇ ಜಾತಿಯ ಮಾತ್ರೆಗಳು ಶೇ. 2.1. ಗಂಡಸರನ್ನು ಮಾತ್ರ ತೆಗೆದುಕೊಂಡರೆ ಕುಡಿಯುವವರು ಶೇ. 27.3 ಎಂದಿತು ಆ ವರದಿ. ಎರಡು ಮೂರು ವರ್ಷದ ಅಂತರದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 15 ದಾಟಿದ ಗಂಡಸರಲ್ಲಿ ಕುಡಿಯುವವರು ಶೇ. 18.8 ಎಂದಿತು. ಎರಡೂ ದೊಡ್ಡ ಸರಕಾರಿ ಸಮೀಕ್ಷೆ. ಯಾವುದನ್ನು ಚಾರ್ಟಿನಲ್ಲಿ ಬರೆಯುತ್ತೀರಿ? "ಡೇಟಾ ಸುಳ್ಳು ಹೇಳುವುದಿಲ್ಲ" ಎನ್ನುವವರಿಗೆ ನಾನು ಈ ಎರಡು ಸಂಖ್ಯೆ ತೋರಿಸಿ ಸುಮ್ಮನಾಗುತ್ತೇನೆ.

ಹೆರಾಯಿನಿನಂಥದ್ದಕ್ಕೆ ಮನೆ ಬಾಗಿಲಲ್ಲಿ ನಿಂತು ಕೇಳಿದರೆ ಯಾರು ಹೌದು ಎನ್ನುತ್ತಾರೆ? ಅದಕ್ಕೆ ಏಮ್ಸ್‌ನವರು ಬೇರೆ ಉಪಾಯ ಮಾಡಿದರು. ಚಟ ಇರುವವರನ್ನು ಒಬ್ಬರ ಮೂಲಕ ಇನ್ನೊಬ್ಬರನ್ನು ಹುಡುಕುತ್ತಾ ಹೋಗಿ, ನೀನು ಚಿಕಿತ್ಸೆಗೆ ಹೋಗಿದ್ದೀಯಾ ಎಂದು ಕೇಳಿದರು. ಉದಾಹರಣೆಗೆ ಹತ್ತರಲ್ಲಿ ಒಬ್ಬ ಹೋಗಿದ್ದಾನೆ ಎಂದಿಟ್ಟುಕೊಳ್ಳಿ. ಚಿಕಿತ್ಸಾ ಕೇಂದ್ರದ ಪುಸ್ತಕದಲ್ಲಿ 100 ಹೆಸರು ಇದ್ದರೆ ಹೊರಗೆ ಒಟ್ಟು ಸಾವಿರ ಜನ ಇರಬಹುದು ಎಂದು ಗುಣಿಸಿದರು. ಜಾಣ ಲೆಕ್ಕ. ಆದರೆ ಎಲ್ಲಿ ಹುಡುಕಬೇಕು, ಯಾರ ಮಾತು ನಂಬಬೇಕು ಎಂದು ತೀರ್ಮಾನಿಸಿದವರು ತಜ್ಞರೇ ಅಲ್ವಾ? ಅಂಕಿಅಂಶದ ಅಡಿಯಲ್ಲೂ ಅಭಿಪ್ರಾಯ ಕೂತಿರುತ್ತದೆ. ಹೊರಗೆ ಕಾಣುವುದು ಕಡಿಮೆ, ಅಷ್ಟೇ.

ತಲಪಾಡಿ ದಾಟಿದ ಲೆಕ್ಕ

ಗಡಿಯಲ್ಲಿ ಇರುವವರಿಗೆ ಇನ್ನೊಂದು ಪಜೀತಿ. ಕೇರಳದಲ್ಲಿ ಮದ್ಯದ ಚಿಲ್ಲರೆ ಮಾರಾಟ ಬಹುಪಾಲು ಸರಕಾರದ ಕೈಯಲ್ಲಿ. ಹಾಗಾಗಿ ಎಷ್ಟು ಮಾರಾಟವಾಯಿತು ಎಂಬ ಲೆಕ್ಕ ಸುಲಭವಾಗಿ ಸಿಗುತ್ತದೆ. ಆದರೆ ಮಂಜೇಶ್ವರದವ ಗಡಿಯ ತಲಪಾಡಿ ದಾಟಿ ಅಲ್ಲಿ ಕುಡಿದು ಬಂದರೆ, ಪೆರ್ಲದವ ಆಚೆಯ ಅಂಗಡಿಯಿಂದ ಸಣ್ಣ ಪ್ಯಾಕೆಟ್ ತಂದರೆ, ಅದು ಸೇರುವುದು ಕರ್ನಾಟಕದ ಲೆಕ್ಕಕ್ಕೆ. ಲಿವರ್ ಕೆಟ್ಟರೆ ನಾವು ಓಡುವುದು ಮಂಗಳೂರಿಗೆ. ಅಲ್ಲಿ ಸತ್ತರೆ ಸಾವಿನ ನೋಂದಣಿಯೂ ಅಲ್ಲೇ. 2020ರಲ್ಲಿ ಕೊರೊನಾ ಅಂತ ಗಡಿಗೆ ಮಣ್ಣು ಹಾಕಿದಾಗ ಎಷ್ಟು ಜನ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದಾರೆ ಎಂದು ಎಲ್ಲರಿಗೂ ಗೊತ್ತಾಯಿತು. ಕುಡಿದದ್ದು ಒಂದು ರಾಜ್ಯದ ಪುಸ್ತಕದಲ್ಲಿ, ಮನೆಯ ಜಗಳ ಇನ್ನೊಂದು ರಾಜ್ಯದಲ್ಲಿ. ಜಿಲ್ಲೆಯ ಅಂಕಿಅಂಶ ಮಾತ್ರ ನೋಡಿದರೆ ನಮ್ಮ ಗಡಿ ಪಂಚಾಯತಿಗಳು ಇರುವುದಕ್ಕಿಂತ ಸಾಧು ಕಾಣಬಹುದು.

ಸಾವಿನ ಕಾರಣವೂ ಹಾಗೆಯೇ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದು ದೃಢೀಕರಿಸಿದ್ದು ಶೇ. 22.5 ಮಾತ್ರ. ಅದರಲ್ಲೂ "ಹೃದಯ ನಿಂತಿತು" ಎಂದು ಬರೆದರೆ ಅದರ ಹಿಂದಿನ ಇಪ್ಪತ್ತು ವರ್ಷದ ಕುಡಿತ ಎಲ್ಲಿ ಕಾಣುತ್ತದೆ?

2024ರ ಜೂನಿನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಕಳ್ಳಭಟ್ಟಿ ಕುಡಿದು 60ಕ್ಕೂ ಹೆಚ್ಚು ಜನ ಸತ್ತರು. ಕೊಂದದ್ದು ಅದರಲ್ಲಿ ಬೆರೆಸಿದ ಮೆಥನಾಲ್. ಇದನ್ನು ಮದ್ಯದ ಕೇಡು ಎಂದು ಬರೆಯುವುದೋ, ಕಲಬೆರಕೆಯ ಕೇಡು ಎಂದೋ? ತಜ್ಞರ ಪಟ್ಟಿಗೂ ಇದೇ ತೊಡಕು. ಹೆರಾಯಿನಿಗೆ ಬಿದ್ದ ಅಂಕದಲ್ಲಿ ಒಂದು ಪಾಲು ಕೊಳಕು ಸೂಜಿಯದ್ದು, ಇನ್ನೊಂದು ಪಾಲು ದುಡ್ಡಿಗಾಗಿ ಮಾಡುವ ಕಳ್ಳತನದ್ದು. ಕಾನೂನು ಬೇರೆ ಇದ್ದರೆ ಆ ಅಂಕವೂ ಬೇರೆ ಆಗುತ್ತಿತ್ತು. ಅಮೆರಿಕದ ಜೊನಾಥನ್ ಕಾಲ್ಕಿನ್ಸ್, ಪೀಟರ್ ರಾಯ್ಟರ್ ಮೊದಲಾದವರು ಇಂಥ ಪಟ್ಟಿಗಳನ್ನು ಆಗಲೇ ಟೀಕಿಸಿದ್ದರು. ಒಬ್ಬನಿಗೆ ಆಗುವ ಕೇಡನ್ನೂ ಇಡೀ ದೇಶಕ್ಕೆ ಆಗುವ ಕೇಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಕಿದರೆ ಬರುವ ಒಂದು ಸಂಖ್ಯೆಗೆ ಅರ್ಥ ಏನು ಎಂಬುದು ಟೀಕಾಕಾರರ ಪ್ರಶ್ನೆ. ಮದ್ಯ ಮೇಲೆ ಬಂದದ್ದರಲ್ಲಿ ಕುಡಿಯುವವರು ಬಹಳ ಇರುವುದರ ಪಾಲೂ ಇದೆ. ನನಗೂ ಇದೇ ಆಕ್ಷೇಪ ದೊಡ್ಡದು ಅನ್ನಿಸುತ್ತದೆ.

ಪೊಲೀಸು, ಅಬಕಾರಿ ಕೇಸುಗಳ ಸಂಖ್ಯೆ ಬಗ್ಗೆ ಒಂದೇ ಮಾತು. ಕೇಸು ಜಾಸ್ತಿಯಾದರೆ ಮಾಲು ಜಾಸ್ತಿಯಾಗಿರಬಹುದು, ಹುಡುಕಾಟ ಜಾಸ್ತಿಯಾಗಿರಲೂಬಹುದು. ಕೇಡಿನ ಪಟ್ಟಿಗೆ ಅದನ್ನು ಬಳಸಬೇಡಿ.

ಪಟ್ಟಿಯಲ್ಲಿ ಇಲ್ಲದ ಹೆಸರು

ನಮ್ಮ ಮೀಟಿಂಗಿಗೆ ವಾಪಸು ಬರುತ್ತೇನೆ. ತೂಕ ಹಾಕುವುದು ಎಂದರೆ ಏನು ಎಂದು ತೋರಿಸಲು ನಾನು ಒಂದು ಆಟ ಆಡಿಸಿದೆ. ಪ್ರತಿಯೊಬ್ಬರಿಗೂ ನೂರು ಅಡಿಕೆ. ಮೇಜಿನ ಮೇಲೆ ನಾಲ್ಕು ತಟ್ಟೆ: ಸಾವು, ಚಟ, ಮನೆಯವರ ಕಷ್ಟ, ಊರಿಗೆ ನಷ್ಟ. ಯಾವ ಕೇಡು ನಿಮಗೆ ಎಷ್ಟು ದೊಡ್ಡದೋ ಅಷ್ಟು ಅಡಿಕೆ ಆ ತಟ್ಟೆಗೆ ಹಾಕಿ ಎಂದೆ.

ಗಂಡಸರು ಹೆಚ್ಚಿನವರು ಸಾವಿನ ತಟ್ಟೆಗೆ ಸುರಿದರು. ಕುಟುಂಬಶ್ರೀಯ ಹೆಂಗಸರು ಮನೆಯವರ ಕಷ್ಟದ ತಟ್ಟೆಗೆ. ಒಬ್ಬರಂತೂ ತೊಂಬತ್ತು ಅಲ್ಲಿಗೇ ಹಾಕಿ ಉಳಿದ ಹತ್ತನ್ನು ಎಲ್ಲಿ ಹಾಕುವುದು ಎಂದು ಯೋಚಿಸುತ್ತಾ ನಿಂತರು. "ಸತ್ತರೆ ಒಂದು ದಿನ ಅಳುವುದು ಮಾಷ್ಟ್ರೇ, ಇದು ದಿನಾ ಅಲ್ವಾ" ಎಂದರು. ಯಾರೂ ಏನೂ ಹೇಳಲಿಲ್ಲ.

ಈ ಅಡಿಕೆ ಕ್ರಮವನ್ನು ಹೇಗೆ ತಿರುಗಿಸುತ್ತದೆ ಎಂದು ನೋಡಿ. ಸುಮ್ನೆ ಉದಾಹರಣೆಗೆ ಎರಡು ವಸ್ತು ಇಟ್ಟುಕೊಳ್ಳೋಣ. ಮೊದಲನೆಯದಕ್ಕೆ ಸಾವಿನಲ್ಲಿ 80 ಅಂಕ, ಮನೆಯವರ ಕಷ್ಟದಲ್ಲಿ 20. ಎರಡನೆಯದಕ್ಕೆ ಸಾವಿನಲ್ಲಿ 30, ಮನೆಯವರ ಕಷ್ಟದಲ್ಲಿ 90. ಸಾವಿಗೆ 70 ಅಡಿಕೆ, ಮನೆಗೆ 30 ಹಾಕಿದರೆ ಮೊದಲನೆಯದಕ್ಕೆ 62, ಎರಡನೆಯದಕ್ಕೆ 48. ಅಡಿಕೆ ಅದಲು ಬದಲು ಮಾಡಿ ಸಾವಿಗೆ 30, ಮನೆಗೆ 70 ಹಾಕಿ. ಮೊದಲನೆಯದು 38ಕ್ಕೆ ಇಳಿಯಿತು, ಎರಡನೆಯದು 72ಕ್ಕೆ ಏರಿತು. ವಸ್ತುವಿನ ಬಗ್ಗೆ ಗೊತ್ತಿದ್ದ ಒಂದೇ ಒಂದು ಸಂಗತಿಯೂ ಬದಲಾಗಲಿಲ್ಲ. ಆದ್ದರಿಂದ ಯಾವುದೇ ತಜ್ಞರ ಪಟ್ಟಿ ಸಿಕ್ಕಿದರೂ ಅಂಕಕ್ಕಿಂತ ಮೊದಲು ತೂಕ ಎಲ್ಲಿ ಬಿದ್ದಿದೆ ಎಂದು ಹುಡುಕಿ. ತೂಕ ತೋರಿಸದ ಪಟ್ಟಿಯನ್ನು ಪಕ್ಕಕ್ಕೆ ಇಡಿ.

ಆಟ ಮುಗಿದು ಅಡಿಕೆ ಚೀಲಕ್ಕೆ ತುಂಬುವಾಗ ಆಶಾ ಕಾರ್ಯಕರ್ತೆ ಮೆಲ್ಲ ಕೇಳಿದರು. "ಎಲ್ಲ ಸರಿ. ಈ ಅಡಿಕೆ ನಮ್ಮ ಪಟ್ಟಿಯಲ್ಲಿ ಯಾಕೆ ಇಲ್ಲ?"

ನಗು ಬಂತು, ಆಮೇಲೆ ನಿಂತಿತು. ಅಲ್ಲಿ ಕೂತವರಲ್ಲಿ ಅರ್ಧದಷ್ಟು ಮನೆಗೆ ಅಡಿಕೆಯೇ ಅನ್ನ. ನನ್ನ ಮನೆಗೂ. ಬಚ್ಚಿರೆ ಬಜ್ಜೆಯಿ, ಅಂದರೆ ಎಲೆಯಡಿಕೆ ಇಲ್ಲದೆ ತುಳುನಾಡಿನಲ್ಲಿ ಮದುವೆ ಇಲ್ಲ, ಕೋಲ ಇಲ್ಲ, ಮನೆಗೆ ಬಂದವರಿಗೆ ಮರ್ಯಾದೆ ಇಲ್ಲ. ಲಂಡನ್ನಿನ 20ರ ಪಟ್ಟಿಯಲ್ಲೂ ಅಡಿಕೆ ಇಲ್ಲ. ಅಲ್ಲಿ ಸೊಮಾಲಿಯಾ, ಯೆಮನ್ ಕಡೆಯವರು ಜಗಿಯುವ ಖಾತ್ ಎಂಬ ಎಲೆಗೆ ಜಾಗ ಸಿಕ್ಕಿತ್ತು. ನಮ್ಮದಕ್ಕೆ ಸಿಕ್ಕಿರಲಿಲ್ಲ. ಮೇಜಿನ ಸುತ್ತ ಕೂತವರ ಕಣ್ಣಿಗೆ ಕಾಣದ್ದು ಪಟ್ಟಿಗೆ ಬರುವುದಿಲ್ಲ. ಅವರಿಗೆ ಅದು ಗೊತ್ತಿಲ್ಲದೆ ಬಿಟ್ಟುಹೋಗಿರಬಹುದು. ನಮಗೆ ಗೊತ್ತಿದ್ದೂ ಬಿಟ್ಟುಹೋಯಿತು. ಎರಡರಲ್ಲಿ ಯಾವುದು ಹೆಚ್ಚು ನಾಚಿಕೆಯದ್ದು ಎಂದು ಬೇರೆ ಹೇಳಬೇಕೇ?

ಇಲ್ಲಿ ತಕ್ಕಡಿ ಕೆಲಸಕ್ಕೆ ಬಂತು. ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರ ಲೆಕ್ಕ ಒಂದಿದೆ. 2022ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಬಂದ ಬಾಯಿ ಕ್ಯಾನ್ಸರ್‌ಗಳಲ್ಲಿ ಸುಮಾರು 1,20,000 ಪ್ರಕರಣಗಳಿಗೆ ಹೊಗೆಯಿಲ್ಲದ ತಂಬಾಕು ಅಥವಾ ಅಡಿಕೆ ಕಾರಣ. ಅದರಲ್ಲಿ ಸುಮಾರು 83,000 ಭಾರತದ್ದು. ಹೊಗೆಯಿಲ್ಲದ ತಂಬಾಕು ಎಷ್ಟು ಜನ ಬಳಸುತ್ತಾರೆ ಎಂದರೆ, 2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 21.4 ಜನ. ಸೇದುವವರು ಶೇ. 10.7 ಮಾತ್ರ. ಲಂಡನ್ನಿನಿಂದ ನೋಡಿದರೆ ತಂಬಾಕು ಎಂದರೆ ಸಿಗರೇಟು. ಇಲ್ಲಿ ಅದು ದವಡೆಯಲ್ಲಿ ಇಟ್ಟುಕೊಳ್ಳುವ ವಸ್ತು. ಆಶಾ ಕಾರ್ಯಕರ್ತೆ ಹೇಳಿದ್ದು ಇದನ್ನೇ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು, ಇಲ್ಲದಿದ್ದರೆ ಅಡಿಕೆ ಬೆಳೆಗಾರರಿಗೆ ಅನ್ಯಾಯ ಆಗುತ್ತದೆ. ಅದೇ ಸಂಸ್ಥೆ ಅಡಿಕೆಯನ್ನು ಒಂದನೇ ಗುಂಪಿನಲ್ಲಿ ಇಟ್ಟಿದೆ. ತಂಬಾಕು, ಮದ್ಯ ಕೂಡ ಅದೇ ಗುಂಪಿನಲ್ಲಿವೆ. ಹಾಗೆಂದು ಮೂರರ ಕೇಡೂ ಒಂದೇ ಸಮ ಎಂದಲ್ಲ. ಆ ಗುಂಪು ಹೇಳುವುದು ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಪುರಾವೆ ಎಷ್ಟು ಗಟ್ಟಿ ಎಂದು. ಕೇಡು ಎಷ್ಟು ದೊಡ್ಡದು ಎಂದು ಅದು ಹೇಳುವುದಿಲ್ಲ. ಸಂಸ್ಕರಿಸಿದ ಮಾಂಸವೂ ಅದೇ ಗುಂಪಿನಲ್ಲಿದೆ. ಚಾರ್ಟ್ ಮಾಡುವವರು ಇದನ್ನು ಕೇಡಿನ ಕ್ರಮಾಂಕ ಎಂದು ತಪ್ಪು ತಿಳಿಯುವುದನ್ನು ನಾನು ಬಹಳ ಸಲ ನೋಡಿದ್ದೇನೆ.

ಯಾರಿಗೆ ಯಾವುದು

ಪಂಚಾಯತಿ ಅಥವಾ ಆರೋಗ್ಯ ಕೇಂದ್ರದವರು ದುಡ್ಡು ಎಲ್ಲಿ ಖರ್ಚು ಮಾಡಬೇಕು ಎಂದು ಯೋಚಿಸುತ್ತಿದ್ದರೆ ಅಂಕಿಅಂಶವನ್ನೇ ಮುಂದಿಟ್ಟುಕೊಳ್ಳಿ. ಎಷ್ಟು ಜನ ಬಳಸುತ್ತಾರೆ, ಎಷ್ಟು ಜನ ಕಾಯಿಲೆ ಬಿದ್ದಿದ್ದಾರೆ ಎಂಬುದು ಅಲ್ಲಿ ಮುಖ್ಯ. ಗಡಿಯಾಚೆಯ ಆಸ್ಪತ್ರೆಗಳಿಗೆ ಹೋದವರನ್ನು ಮನೆ ಮನೆ ಕೇಳಿ ಸೇರಿಸಿಕೊಳ್ಳಿ.

ಮನೆಯ ನೆಮ್ಮದಿ, ಹೆಂಗಸರು ಮಕ್ಕಳ ಕಷ್ಟ ನಿಮ್ಮ ವಿಷಯವಾದರೆ ತಜ್ಞರ ಅಂಕದ ದಾರಿ ಹಿಡಿಯಿರಿ. ಆದರೆ ತಜ್ಞರು ಎಂದರೆ ಕೋಟು ಹಾಕಿದವರು ಮಾತ್ರ ಎಂದು ತಿಳಿಯಬೇಡಿ. ಆಶಾ ಕಾರ್ಯಕರ್ತೆ, ಆಂಬ್ಯುಲೆನ್ಸ್ ಓಡಿಸುವವ, ಅಂಗನವಾಡಿ ಟೀಚರ್, ಬೀಡಿ ಕಟ್ಟುವ ಹೆಂಗಸು, ಕುಡಿತ ಬಿಟ್ಟು ಬದುಕುತ್ತಿರುವವ, ಇವರೆಲ್ಲ ಮೇಜಿನ ಸುತ್ತ ಕೂತಿರಲಿ. ಮೊದಲು ಒಬ್ಬೊಬ್ಬರೇ ಚೀಟಿಯಲ್ಲಿ ಅಂಕ ಬರೆಯಲಿ, ಆಮೇಲೆ ಮಾತಾಡಲಿ. ಮೊದಲೇ ಮಾತು ಸುರು ಮಾಡಿದರೆ ದೊಡ್ಡ ಸ್ವರದವನ ಅಂಕವೇ ಎಲ್ಲರ ಅಂಕವಾಗುತ್ತದೆ.

ಹೊಸ ಪುಡಿ, ಹೊಸ ಮಾತ್ರೆ ಬಂದಿದೆ ಎಂದಾದರೆ ಲೆಕ್ಕಕ್ಕೆ ಕಾಯಬೇಡಿ. ಅದನ್ನು ನೋಡಿದ ವೈದ್ಯರನ್ನೇ ಕೇಳಿ.

ಮಕ್ಕಳ ಚಾರ್ಟಿಗೆ? ಕ್ರಮಾಂಕ ಹಾಕಲೇಬೇಡಿ ಎಂಬುದು ನನ್ನ ಅಭಿಪ್ರಾಯ. ಬ್ರಿಟನ್ನಿನ ಪಟ್ಟಿಯಲ್ಲಿ ಎಂಡಿಎಂಎಗೆ ಸಿಕ್ಕ 9 ಅಂಕವನ್ನು ಒಬ್ಬ ಹುಡುಗ "ಇದು ಪರವಾಗಿಲ್ಲ" ಎಂದು ಓದುತ್ತಾನೆ. ಆ ಅಂಕ ಆ ದೇಶದಲ್ಲಿ ಆಗ ಅದನ್ನು ಹೇಗೆ ಬಳಸುತ್ತಿದ್ದರೋ ಅದಕ್ಕೆ ಬಿದ್ದದ್ದು. ಇಲ್ಲಿ ಎಂಡಿಎಂಎ ಎಂದು ಕೈಗೆ ಸಿಗುವ ಪುಡಿಯಲ್ಲಿ ಏನಿದೆ ಎಂದು ಲ್ಯಾಬಿಗೆ ಹೋದ ಮೇಲೆಯೇ ಗೊತ್ತು. ಜೊತೆಗೆ ಬಿಯರ್ ಕುಡಿದರೆ, ನಿದ್ದೆ ಮಾತ್ರೆ ನುಂಗಿದರೆ ಲೆಕ್ಕವೇ ಬೇರೆ. ಒಂದೊಂದು ವಸ್ತುವನ್ನು ಬೇರೆ ಬೇರೆ ತೂಗಿದ ಪಟ್ಟಿಯಲ್ಲಿ ಎರಡನ್ನು ಬೆರೆಸಿದವನಿಗೆ ಉತ್ತರ ಇಲ್ಲ. ಕಾನೂನಿನ ಲೆಕ್ಕವೂ ಬೇರೆಯೇ. ನಮ್ಮ ಕಾನೂನಿನಲ್ಲಿ ಎಂಡಿಎಂಎ 10 ಗ್ರಾಂ ದಾಟಿದರೆ ಅದು ವಾಣಿಜ್ಯ ಪ್ರಮಾಣ, ಗಾಂಜಾ ಆದರೆ 20 ಕಿಲೋ ದಾಟಿದರೆ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10 ವರ್ಷ ಜೈಲು. ಹದಿನೆಂಟರ ಹುಡುಗನಿಗೆ ಆಗುವ ಕೇಡಿನಲ್ಲಿ ಅದನ್ನು ಸೇರಿಸದೆ ಇರಲು ಆಗುತ್ತದಾ?

ಯಾವ ಪಟ್ಟಿಯೂ ಹೇಳದ ಇನ್ನೊಂದು ಸಂಗತಿಯನ್ನು ಚಾರ್ಟಿನಲ್ಲಿ ದೊಡ್ಡದಾಗಿ ಬರೆದೆವು. ದಿನಾ ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುವುದರಿಂದ ಹಿಡಿದು ಅಪಸ್ಮಾರ, ಸಾವಿನವರೆಗೂ ಹೋಗಬಹುದು. ಹರಕೆ ಹೊತ್ತು ಬಿಡುವವರು ನಮ್ಮಲ್ಲಿ ಬಹಳ. ಬಿಡಲಿ, ಆದರೆ ವೈದ್ಯರನ್ನು ನೋಡಿ ಬಿಡಲಿ.

ಕೊನೆಗೆ ನಮ್ಮ ಚಾರ್ಟ್ ಒಂಬತ್ತು ಸಾಲಿನದ್ದಾಯಿತು, ಕ್ರಮಾಂಕ ಇಲ್ಲ. ಪ್ರತಿ ಸಾಲಿಗೆ ಮೂರು ಖಾನೆ: ಸೇವಿಸುವವನಿಗೆ ಏನು, ಮನೆಯವರಿಗೆ ಏನು, ದೇಶದಲ್ಲಿ ಎಷ್ಟು ಜನ. ಮೊದಲ ಎರಡರಲ್ಲಿ ಮಾತು, ಮೂರನೆಯದರಲ್ಲಿ ಸಂಖ್ಯೆ. ಸಂಖ್ಯೆ ಇಲ್ಲದ ಕಡೆ ಖಾಲಿ ಬಿಟ್ಟೆವು. ಅಡಿಯಲ್ಲಿ ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಎಂಬ ಚಟ ಬಿಡಿಸುವ ಯೋಜನೆಯ 14405, ಕೇಂದ್ರ ಸರಕಾರದ 14446 ಎಂಬ ಎರಡು ಸಹಾಯವಾಣಿ ನಂಬ್ರ ಬರೆದೆವು. ಒಂಬತ್ತನೆಯ ಸಾಲು ಅಡಿಕೆಯದ್ದು. ಅದನ್ನು ಬರೆಯಲು ಪೆನ್ನು ಹಿಡಿದವರು ನಮ್ಮಲ್ಲಿ ಎಲ್ಲರಿಗಿಂತ ದೊಡ್ಡ ತೋಟ ಇರುವ ಅಣ್ಣ. ಬಾಯಲ್ಲಿದ್ದ ಎಲೆಯಡಿಕೆಯನ್ನು ಹೊರಗೆ ಹೋಗಿ ಉಗಿದು ಬಂದು ಬರೆದರು.